‘ಕಂಪನಿ ಕೆಲಸ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ: ರಬ್ಬರ್ ಕಾರ್ಖಾನೆಯವರಿಗೆ ಕ್ಯಾನ್ಸರ್ ಕುರಿತು ಒಂದು ಮಾರ್ಗದರ್ಶಿ

ಮೂತ್ರದಲ್ಲಿ ರಕ್ತ ಕಾಣಿಸಿತೆಂದು ನಮ್ಮ ಹಿರಿಯ ಮಿಲ್ ಆಪರೇಟರ್ ಒಬ್ಬರು ಇಎಸ್‌ಐ ಚಿಕಿತ್ಸಾಲಯಕ್ಕೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಚೀಟಿ ಬರೆಯುತ್ತಲೇ ವೈದ್ಯರು ಕೇಳಿದರು, “ಏನು ಕೆಲಸ ನಿಮ್ಮದು?” ಇವರು ಹೇಳಿದರು, “ಕಂಪನಿ ಕೆಲಸ ಸಾರ್.” ಇಪ್ಪತ್ತೆರಡು ವರ್ಷ ಮಿಕ್ಸಿಂಗ್ ಮಿಲ್ ಮುಂದೆ ನಿಂತದ್ದು, ರಾತ್ರಿ ಮನೆಗೆ ಹೋಗಿ ಮೂಗು ಸೀನಿದರೆ ಕರ್ರಗೆ ಕಾರ್ಬನ್ ಬರುತ್ತಿದ್ದದ್ದು, ಚೀಲದಿಂದ ಹಳದಿ ಪುಡಿಯನ್ನು ಬರಿಗೈಯಲ್ಲಿ ಬಾಚಿ ತೂಗಿದ್ದು, ಎಲ್ಲವೂ ಆ ಎರಡು ಪದದಲ್ಲಿ ಮುಗಿದುಹೋಯಿತು. ಕಲ್ಲಿರಬಹುದು ಎಂದು ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಉಷ್ಣವಾಗಿದೆ ಎಂದು ಎಳನೀರು, ಬಾರ್ಲಿ ಗಂಜಿ ಕೊಟ್ಟರು. ರಕ್ತ ನಿಂತಿತು. ಅದು ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು, ಮೂತ್ರಕೋಶದ ಗಡ್ಡೆ ಬೆಳೆದಿತ್ತು.

ಪೀಣ್ಯದ ಒಂದು ಸಣ್ಣ ಮೋಲ್ಡಿಂಗ್ ಘಟಕದಲ್ಲಿ ನಾನು ಶಿಫ್ಟ್ ನೋಡಿಕೊಳ್ಳುತ್ತಿದ್ದ ಕಾಲದ ಮಾತಿದು. ವೈದ್ಯರನ್ನು ದೂರುವುದಕ್ಕಲ್ಲ ಇದನ್ನು ಹೇಳಿದ್ದು. ಒಳಗೆ ಏನು ನಡೆಯುತ್ತದೆಂದು ನಾವು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ? ಗ್ಯಾಸ್ಕೆಟ್, ಓ ರಿಂಗ್, ಹೋಸ್, ಟೈರು, ರೋಲರು, ಚಪ್ಪಲಿಯ ಅಟ್ಟೆ ತಯಾರಿಸುವವರು ಮತ್ತು ಹೆದ್ದಾರಿ ಬದಿಯ ರೀಟ್ರೆಡಿಂಗ್ ಅಂಗಡಿಗಳಲ್ಲಿ ದುಡಿಯುವವರು ಈ ಬರಹವನ್ನು ತಮಗೆಂದೇ ಓದಿಕೊಳ್ಳಬಹುದು. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಮರ ಕೆತ್ತಿ ಹಾಲು ತೆಗೆಯುವವರ ಕೆಲಸ ಬೇರೆ, ಅದರ ತೊಂದರೆಗಳೂ ಬೇರೆ. ಇಲ್ಲಿನ ಮಾತು ಆ ಹಾಲು ಶೀಟಾಗಿ, ಮಿಲ್ಲಿಗೆ ಬಿದ್ದು, ನೂರೆಂಟು ಪುಡಿಗಳ ಜೊತೆ ಬೆರೆತು ಬೇಯುವ ಜಾಗದ್ದು.

ಮೊದಲು, ಅಪಾಯ ಎಷ್ಟರದು ಎಂದು ತಿಳಿದುಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಬ್ಬರ್ ತಯಾರಿಕೆಯ ಕೆಲಸವನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ಮೊದಲ ಗುಂಪಿಗೆ ಸೇರಿಸಿ ದಶಕಗಳಾಗಿವೆ. 1982ರಲ್ಲಿ ಈ ವಿಷಯದ ಮೇಲೆ ಒಂದು ಸಂಪುಟವನ್ನೇ ತಂದಿತು, 2009ರಲ್ಲಿ ಮತ್ತೆ ಪರಿಶೀಲಿಸಿ ಅದೇ ಮಾತನ್ನು ಗಟ್ಟಿಮಾಡಿತು. ಗಮನಿಸಿ, ಯಾವುದೋ ಒಂದು ರಾಸಾಯನಿಕವನ್ನು ಬೊಟ್ಟು ಮಾಡಲಿಲ್ಲ, ಇಡೀ ಕಸುಬನ್ನೇ ಹೆಸರಿಸಿತು. ರಬ್ಬರಿನ ರೆಸಿಪಿಯಲ್ಲಿ ಬೀಳುವ ಸಾಮಗ್ರಿ ನೂರಾರು, ವರ್ಷ ವರ್ಷಕ್ಕೆ ಬದಲಾಗುವಂಥವು, ಜೊತೆಗೆ ಬೇಯುವಾಗ ಹೊಸದಾಗಿ ಹುಟ್ಟುವಂಥವು ಬೇರೆ. ಇಂಥದ್ದರಿಂದಲೇ ಹೀಗಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಸಾಕ್ಷ್ಯ ಸಾಕಷ್ಟಿದೆ ಎಂದು ಸಂಸ್ಥೆ ಹೇಳಿದ್ದು ಐದು ಬಗೆಯ ಕ್ಯಾನ್ಸರ್ ಬಗ್ಗೆ: ಮೂತ್ರಕೋಶ, ಶ್ವಾಸಕೋಶ, ಜಠರ, ರಕ್ತದ ಲ್ಯುಕೇಮಿಯಾ ಮತ್ತು ದುಗ್ಧಗ್ರಂಥಿಗಳ ಲಿಂಫೋಮಾ.

ಇದರಲ್ಲಿ ಅತಿ ಹಳೆಯ ಕಥೆ ಇಂಗ್ಲೆಂಡಿನದು. ರಬ್ಬರ್ ಬೇಗ ಹಳಸದಂತೆ ಅಲ್ಲಿನ ಕಾರ್ಖಾನೆಗಳು ನೊನಾಕ್ಸ್ ಎಸ್ ಎಂಬ ಆ್ಯಂಟಿಆಕ್ಸಿಡೆಂಟ್ ಬಳಸುತ್ತಿದ್ದವು. ಅದರಲ್ಲಿ ಬೀಟಾ ನ್ಯಾಫ್ಥೈಲ್‌ಅಮೈನ್ ಎಂಬ ವಿಷ ಕಲಬೆರಕೆಯಾಗಿ ಉಳಿದಿರುತ್ತಿತ್ತು. 1949ರಲ್ಲಿ ಆ ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. 1954ರಲ್ಲಿ ರಬ್ಬರ್ ಕಾರ್ಮಿಕರ ಮೂತ್ರಕೋಶದ ಗಡ್ಡೆಗಳ ಲೆಕ್ಕ ಅಚ್ಚಾಯಿತು. ಚೀಲ ಗೋದಾಮಿನಿಂದ ಹೋಯಿತು, ಆದರೆ 1949ಕ್ಕಿಂತ ಮೊದಲು ಆ ಪುಡಿಯನ್ನು ಮುಟ್ಟಿದವರಲ್ಲಿ ಗಡ್ಡೆಗಳು ಹತ್ತಿಪ್ಪತ್ತು ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತಲೇ ಇದ್ದವು. ಮುಂದೆ ಇಬ್ಬರು ಕಾರ್ಮಿಕರ ಮೊಕದ್ದಮೆಯಲ್ಲಿ, ಪುಡಿ ತಯಾರಿಸಿದ ಕಂಪನಿ ಮತ್ತು ಅದನ್ನು ಬಳಸಿದ ಕಂಪನಿ ಎರಡನ್ನೂ ಅಲ್ಲಿನ ನ್ಯಾಯಾಲಯ ಹೊಣೆ ಮಾಡಿತು.

ಹೆದರಿಕೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ, ಆದ್ದರಿಂದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1975ರ ನಂತರ ಕೆಲಸಕ್ಕೆ ಸೇರಿದ ಯುರೋಪಿನ ರಬ್ಬರ್ ಕಾರ್ಮಿಕರ ಮರಣಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದರಲ್ಲಿ ಹಿಂದಿನಂತೆ ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಸಾವುಗಳ ಹೆಚ್ಚಳ ಕಾಣಲಿಲ್ಲ. ಕೆಟ್ಟ ರಾಸಾಯನಿಕಗಳು ಹೋಗಿದ್ದವು, ಹೊಗೆ ಹೀರುವ ಹುಡ್‌ಗಳು ಬಂದಿದ್ದವು. ಹಾಗೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 1967ರಲ್ಲಿ ಬ್ರಿಟನ್ನಿನ ರಬ್ಬರ್ ಕಾರ್ಖಾನೆಗಳಲ್ಲಿದ್ದ 36 ಸಾವಿರಕ್ಕೂ ಹೆಚ್ಚು ಗಂಡಸರನ್ನು 49 ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ, ದೂಳು, ಹೊಗೆ ಮತ್ತು ರಬ್ಬರ್ ಬೇಯುವಾಗ ಹುಟ್ಟುವ ವಿಷಗಳಾದ ನೈಟ್ರೊಸಮೈನ್‌ಗಳನ್ನು ಹೆಚ್ಚು ಉಂಡವರಲ್ಲಿ ಹಲವು ಬಗೆಯ ಕ್ಯಾನ್ಸರ್ ಸಾವುಗಳು ಹೆಚ್ಚಿದ್ದವು. ಯುರೋಪಿನಲ್ಲಿ ಕಡಿಮೆಯಾಗಿದ್ದರೆ ಅದು ಅಲ್ಲಿನ ಹುಡ್‌ನಿಂದ, ಬದಲಾದ ರೆಸಿಪಿಯಿಂದ. ನಮ್ಮ ಶೆಡ್ಡಿನಲ್ಲಿ ಅವೆರಡೂ ಇವೆಯೇ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಮ್ಯಾನೇಜರು “ಒಟ್ಟಾರೆ ಸಾವಿನ ಪ್ರಮಾಣ ಊರಿನ ಜನರಿಗಿಂತ ನಮ್ಮಲ್ಲೇ ಕಡಿಮೆ” ಎಂದು ಲೆಕ್ಕ ತೋರಿಸಿದರೆ ತಬ್ಬಿಬ್ಬಾಗಬೇಡಿ. ಗಟ್ಟಿಮುಟ್ಟಾದವರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಕಾಯಿಲೆ ಬಿದ್ದವರು ಕೆಲಸ ಬಿಟ್ಟು ಊರು ಸೇರುತ್ತಾರೆ. ಊರಿನ ಲೆಕ್ಕದಲ್ಲಿ ಹಾಸಿಗೆ ಹಿಡಿದವರೂ ಇರುತ್ತಾರೆ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ.

ಎರಡನೆಯದು, ನೀವು ನಿಲ್ಲುವ ಜಾಗ ಯಾವುದೆಂದು ಗುರುತಿಸಿ

ಒಂದೇ ಸೂರಿನ ಕೆಳಗೆ ಎಲ್ಲರಿಗೂ ಅಪಾಯ ಒಂದೇ ಅಲ್ಲ.

ಪುಡಿ ತೂಗುವ ಕೋಣೆ ಮತ್ತು ಮಿಲ್ಲು, ನೀಡರ್ ಎಂಬ ಬೆರೆಸುವ ಯಂತ್ರಗಳಿರುವ ಜಾಗದಲ್ಲಿ ದೂಳೇ ಶತ್ರು. ಹಳೆಯ ಅಧ್ಯಯನಗಳಲ್ಲಿ ಜಠರ, ಶ್ವಾಸಕೋಶದ ಕ್ಯಾನ್ಸರ್ ಮತ್ತೆ ಮತ್ತೆ ಕಾಣಿಸಿದ್ದು ಈ ವಿಭಾಗದವರಲ್ಲಿ. ಶೀಟು ಅಂಟದಿರಲೆಂದು ಎರಚುವ ಫ್ರೆಂಚ್ ಚಾಕ್ ಎಂಬ ಟಾಲ್ಕ್ ಪುಡಿಯನ್ನೂ ಹಗುರವಾಗಿ ಕಾಣಬೇಡಿ, ಕೆಲವು ಗಣಿಗಳ ಟಾಲ್ಕ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಸೇರಿರುತ್ತದೆ.

ರಬ್ಬರನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುವ ಕ್ಯೂರಿಂಗ್ ಪ್ರೆಸ್ಸಿನವರಿಗೆ ಹೊಗೆಯದೇ ಚಿಂತೆ. ಪ್ರೆಸ್ ತೆರೆದ ಕ್ಷಣ ಮುಖಕ್ಕೆ ಹೊಡೆಯುತ್ತದಲ್ಲ, ಆ ನೀಲಿ ಹೊಗೆಯಲ್ಲಿ ನೈಟ್ರೊಸಮೈನ್ ಇರಬಹುದು. ಅದು ಚೀಲದಲ್ಲಿ ಬರುವುದಿಲ್ಲ. ರಬ್ಬರ್ ಬೇಗ ಬೇಯಲೆಂದು ಹಾಕುವ ಕೆಲವು ಆಕ್ಸಲರೇಟರ್‌ಗಳು ಬಿಸಿಗೆ ಒಡೆದು, ಗಾಳಿಯಲ್ಲಿರುವ ನೈಟ್ರೊಜನ್ ಆಕ್ಸೈಡಿನ ಜೊತೆ ಸೇರಿ ಅಲ್ಲೇ ಹುಟ್ಟುತ್ತದೆ. ಉದ್ದುದ್ದ ಪ್ರೊಫೈಲ್‌ಗಳನ್ನು ಕರಗಿದ ಉಪ್ಪಿನಲ್ಲಿ ಬೇಯಿಸುವ ಸಾಲ್ಟ್ ಬಾತ್ ಲೈನಿನಲ್ಲಂತೂ ಇದರ ಪ್ರಮಾಣ ಬಹಳ ಹೆಚ್ಚು, ಏಕೆಂದರೆ ಆ ಉಪ್ಪೇ ನೈಟ್ರೇಟು, ನೈಟ್ರೈಟು. ಇನ್ನೊಂದು ಮಾತು ಅನೇಕರಿಗೆ ಗೊತ್ತಿಲ್ಲ: ಈಗಷ್ಟೇ ಬೆಂದ ಮಾಲು ತಣ್ಣಗಾಗುವವರೆಗೂ ಅದನ್ನು ಹೊರಸೂಸುತ್ತಲೇ ಇರುತ್ತದೆ. ಚಳಿಗಾಲದ ನೈಟ್ ಶಿಫ್ಟಿನಲ್ಲಿ ಬೆಚ್ಚಗಿದೆ ಎಂದು ಮಾಲಿನ ರಾಶಿಯ ಪಕ್ಕ ರಟ್ಟು ಹಾಸಿಕೊಂಡು ಮಲಗುತ್ತಿದ್ದ ಹುಡುಗರನ್ನು ನಾನೇ ಎಷ್ಟು ಸಲ ನೋಡಿದ್ದೇನೆ, ಏಳಿಸಿಯೂ ಇಲ್ಲ. ಇವತ್ತು ನೆನೆದರೆ ಮುಜುಗರವಾಗುತ್ತದೆ.

ಸೊಲ್ಯೂಷನ್, ಅಂದರೆ ರಬ್ಬರ್ ಅಂಟು, ಹಚ್ಚುವವರದು ಮೂರನೆಯ ಗುಂಪು. ಹಿಂದೆ ಇದರಲ್ಲಿ ಬೆಂಜೀನ್ ಧಾರಾಳವಾಗಿ ಇರುತ್ತಿತ್ತು. ಅಮೆರಿಕದ ಓಹಾಯೊದಲ್ಲಿ ರಬ್ಬರಿನಿಂದ ಪ್ಲಿಯೊಫಿಲ್ಮ್ ಎಂಬ ಹಾಳೆ ತಯಾರಿಸುತ್ತಿದ್ದವರಲ್ಲಿ ಲ್ಯುಕೇಮಿಯಾ ಸಾವುಗಳು ಹೆಚ್ಚಿರುವುದು 1977ರಲ್ಲಿ ಪ್ರಕಟವಾದ ಮೇಲೆ ಬೆಂಜೀನಿನ ಬಗ್ಗೆ ಜಗತ್ತೇ ಎಚ್ಚೆತ್ತಿತು. ಈಗ ಟೊಲುವಿನ್, ಹೆಕ್ಸೇನ್ ಬಳಸುತ್ತಾರೆ. ಆದರೂ ಶಿಫ್ಟ್ ಮುಗಿದ ಮೇಲೆ ಕೈಯ ಅಂಟು ಬಿಡಿಸಲು ಪೆಟ್ರೋಲ್ ಹಾಕಿ ತೊಳೆಯುವ ಅಭ್ಯಾಸ ಹೋಗಿಲ್ಲ. ಬಂಕಿನ ಪೆಟ್ರೋಲಿನಲ್ಲಿ ಶೇ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಉಜ್ಜಿ, ಸೋಪು ಹಾಕಿ ತೊಳೆಯಿರಿ. ನಿಧಾನ, ಆದರೆ ಹೋಗುತ್ತದೆ.

ಪಾಲಿಯುರೆಥೇನ್ ಚಕ್ರ, ರೋಲರು ಸುರಿಯುವವರು ರಬ್ಬರಿನವರು ಹೌದೋ ಅಲ್ಲವೋ ಎಂಬ ಚರ್ಚೆ ಬೇಡ. ಅಲ್ಲಿ ಗಟ್ಟಿಕಾರಕವಾಗಿ ಬಳಸುವ ಮೋಕಾ ಎಂಬ ಹರಳು ಮೂತ್ರಕೋಶದ ಕ್ಯಾನ್ಸರಿಗೆ ಸಂಬಂಧಿಸಿದ ಮೊದಲ ಗುಂಪಿನ ವಸ್ತು. ಹೆಸರು ಕಾಫಿಯಂತಿದೆ ಎಂದು ನಗುತ್ತಿದ್ದೆವು.

ಮೂರನೆಯದು, ಚೀಲ ಓದಿ

ಇಂಗ್ಲಿಷಿನಲ್ಲಿ ಬರೆದಿದೆ ಎಂದು ಬಿಟ್ಟುಬಿಡಬೇಡಿ, ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡರೂ ಸಾಕು. ಪ್ರತಿ ರಾಸಾಯನಿಕಕ್ಕೂ ಎಂಎಸ್‌ಡಿಎಸ್ ಎಂಬ ಸುರಕ್ಷತಾ ಹಾಳೆ ಇರುತ್ತದೆ, ಅದನ್ನು ಸ್ಟೋರ್ಸಿನಲ್ಲಿ ಕೇಳಿ ಪಡೆಯಬಹುದು. ಕೆಲಸದ ಜಾಗದ ಅಪಾಯವನ್ನು ತಿಳಿಯುವ ಹಕ್ಕು ಕಾರ್ಮಿಕರಿಗೆ ಸಿಕ್ಕಿದ್ದು ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಂದ ತಿದ್ದುಪಡಿಯಿಂದ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಆ ಹಕ್ಕನ್ನು ಉಳಿಸಿಕೊಂಡಿದೆ.

ಏನು ನೋಡಬೇಕು? ಟಿಎಂಟಿಡಿ, ಜಿಂಕ್ ಡೈಈಥೈಲ್ ಡೈಥಯೊಕಾರ್ಬಮೇಟ್, ಮತ್ತು ಹೆಸರಿನಲ್ಲಿ ‘ಮಾರ್ಫೊಲಿನ್’ ಅಥವಾ ‘ಮಾರ್ಫೊಲಿನೊ’ ಇರುವ ಯಾವುದೇ ಆಕ್ಸಲರೇಟರ್ ಇದ್ದರೆ ನೈಟ್ರೊಸಮೈನ್ ಹುಟ್ಟುವ ಸಾಧ್ಯತೆ ಇದೆ ಎಂದುಕೊಳ್ಳಿ. ಸಿಬಿಎಸ್, ಟಿಬಿಬಿಎಸ್ ಎಂಬ ಆಕ್ಸಲರೇಟರ್‌ಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಟಿಎಂಟಿಡಿಯ ಜಾಗದಲ್ಲಿ ಟಿಬಿಜಡ್‌ಟಿಡಿ ಎಂಬುದನ್ನು ಬಳಸುವವರಿದ್ದಾರೆ. ಬೆಲೆ ಹೆಚ್ಚು, ರೆಸಿಪಿಯನ್ನು ಹೊಸದಾಗಿ ಹೊಂದಿಸಬೇಕು, ಆದ್ದರಿಂದ ಸಣ್ಣ ಮಾಲೀಕರು ಮೂಗು ಮುರಿಯುತ್ತಾರೆ. ರಫ್ತಿನ ಆರ್ಡರ್ ಬಂದು ಗ್ರಾಹಕರೇ ನೈಟ್ರೊಸಮೈನ್ ಇಲ್ಲದ ಕಾಂಪೌಂಡ್ ಕೇಳಿದಾಗ ಅದೇ ಮಾಲೀಕರು ಒಂದು ತಿಂಗಳಲ್ಲಿ ಬದಲಾಯಿಸಿದ್ದನ್ನೂ ಕಂಡಿದ್ದೇನೆ. ಎಂಬಿಟಿ ಎಂಬ ಆಕ್ಸಲರೇಟರ್ ಮೂತ್ರಕೋಶದ ಕ್ಯಾನ್ಸರ್ ತರಬಹುದು ಎಂಬ ಸಂದೇಹದ ಪಟ್ಟಿಯಲ್ಲಿದೆ. ನೈಟ್ರೊಸೊ ಡೈಫಿನೈಲ್‌ಅಮೈನ್ ಎಂಬ ರಿಟಾರ್ಡರ್ (ಬೇಯುವುದನ್ನು ತಡಮಾಡಿಸುವ ಪುಡಿ) ಇನ್ನೂ ನಿಮ್ಮ ಕಪಾಟಿನಲ್ಲಿದ್ದರೆ ಅದರ ಕಾಲ ಮುಗಿದಿದೆ ಎಂದು ಮೇಲಿನವರಿಗೆ ಹೇಳಿ.

ನಾಲ್ಕನೆಯದು, ದೂಳು ಹೊಗೆಯನ್ನು ಕಡಿಮೆ ಮಾಡಿ

ಮಾಸ್ಕಿನಿಂದ ಶುರು ಮಾಡುವುದು ತಪ್ಪು. ಮಿಲ್ಲಿನ ಮೇಲೆ, ಪ್ರೆಸ್ಸಿನ ಮೇಲೆ ಹೊಗೆ ಹೀರುವ ಹುಡ್ ಬೇಕು, ಅದರ ಫ್ಯಾನು ಗೋಡೆಯಾಚೆ ಊದಬೇಕು. ಗೋಡೆಗೆ ತಿರುಗುವ ದೊಡ್ಡ ಫ್ಯಾನು ಹಾಕಿದರೆ ಹೊಗೆ ನಿಮ್ಮ ಮುಖದಿಂದ ಪಕ್ಕದವರ ಮುಖಕ್ಕೆ ಹೋಗುತ್ತದೆ, ಅಷ್ಟೇ. ಹುಡ್ ನಿಜವಾಗಿ ಹೀರುತ್ತದೆಯೇ ಎಂದು ತಿಳಿಯಲು ಒಂದು ಊದಿನಕಡ್ಡಿ ಹಚ್ಚಿ ಮಿಲ್ಲಿನ ರೋಲ್ ಎತ್ತರದಲ್ಲಿ ಹಿಡಿಯಿರಿ, ಸೊಲ್ಯೂಷನ್ ಇರುವ ಕಡೆ ಮಾತ್ರ ಖಂಡಿತ ಬೇಡ. ಹೊಗೆ ನೆಟ್ಟಗೆ ಹುಡ್ಡಿನೊಳಗೆ ಹೋದರೆ ಸರಿ. ಅಡ್ಡಾಡಿ ನಿಮ್ಮ ಮೂಗಿಗೆ ಬಂದರೆ ಹೊಗೆಯನ್ನು ಹೊರಗೊಯ್ಯುವ ಕೊಳವೆ, ಡಕ್ಟ್, ಕಟ್ಟಿಕೊಂಡಿದೆ ಎಂದರ್ಥ. ನಮ್ಮಲ್ಲಿ ಹೀಗೆ ನೋಡಿದಾಗ ಡಕ್ಟ್ ತುಂಬಾ ಕಾರ್ಬನ್ ಗಡ್ಡೆಕಟ್ಟಿ, ಅದರ ಮೇಲೊಂದು ಪಾರಿವಾಳ ಗೂಡು ಮಾಡಿತ್ತು.

ಪುಡಿಯ ಬದಲು ಎಣ್ಣೆ ಹಚ್ಚಿದ ಪುಡಿ ಅಥವಾ ಹರಳಿನ ರೂಪದ ಸರಕನ್ನು ತರಿಸಬಹುದು. ತೂಗಿದ ಪುಡಿಯನ್ನು ಮಿಲ್ಲಿನಲ್ಲೇ ಕರಗಿಹೋಗುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲದ ಸಮೇತ ಹಾಕಿದರೆ ಅರ್ಧ ದೂಳು ಅಲ್ಲೇ ನಿಂತಿತು. ನೆಲವನ್ನು ಪೊರಕೆಯಿಂದ ಗುಡಿಸುವುದು, ಏರ್ ಹೋಸ್ ಹಿಡಿದು ಬಟ್ಟೆ ಕೊಡವಿಕೊಳ್ಳುವುದು, ಎರಡೂ ಬಿಡಿ. ವ್ಯಾಕ್ಯೂಮ್ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ರೆಸ್ ತೆರೆದ ಕೂಡಲೇ ತಲೆ ಒಳಗೆ ಹಾಕದೆ ಹೊಗೆ ಏರಿಹೋಗಲು ಬಿಟ್ಟು ಬಗ್ಗಿರಿ. ಬಿಸಿ ಮಾಲನ್ನು ಊಟದ ಜಾಗದಿಂದ ದೂರ, ಗಾಳಿಯಾಡುವ ಕಡೆ ಇಡಿಸಿ.

ಇಷ್ಟಾದ ಮೇಲೆ ಮಾಸ್ಕು. ಕರವಸ್ತ್ರದಿಂದ ಏನೂ ಆಗದು. ದೂಳಿಗೆ ಎನ್95 ನಡೆಯುತ್ತದೆ, ಸೊಲ್ಯೂಷನ್ ಆವಿಗೆ ಅದು ನಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕೆಲಸದ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು ಬನ್ನಿ. ಮನೆಗೆ ತರಲೇಬೇಕಾದರೆ ಬೇರೆ ಕವರಿನಲ್ಲಿ ಕಟ್ಟಿ ತನ್ನಿ, ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಬೀಡಿ, ಸಿಗರೇಟಿನ ಬಗ್ಗೆ ಎಲ್ಲರೂ ಬುದ್ಧಿ ಹೇಳಿಯಾಗಿದೆ. ನಾನು ಸೇರಿಸುವುದು ಇಷ್ಟೇ: ಮೂತ್ರಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಧೂಮಪಾನವೇ, ಮತ್ತು ಮುಂದೆ ಪರಿಹಾರ ಕೇಳಿದಾಗ ಎದುರಿನವರು ಮೊದಲು ಎತ್ತುವ ಮಾತೂ ಅದೇ.

ಐದನೆಯದು, ಒಂದು ನೋಟ್‌ಬುಕ್ ಇಡಿ

ನನ್ನನ್ನು ಕೇಳಿದರೆ ಈ ಬರಹದಲ್ಲಿ ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಲ್ಯುಕೇಮಿಯಾ ಕೆಲವೇ ವರ್ಷಗಳಲ್ಲಿ ಕಾಣಿಸಬಹುದು, ಮೂತ್ರಕೋಶದ ಗಡ್ಡೆ ಇಪ್ಪತ್ತು, ಮೂವತ್ತು ವರ್ಷ ಕಾಯುತ್ತದೆ. ಅಷ್ಟು ಹೊತ್ತಿಗೆ ಪೀಣ್ಯದ ಆ ಶೆಡ್ಡಿನಲ್ಲಿ ಗಾರ್ಮೆಂಟ್ಸ್ ಬಂದಿರುತ್ತದೆ, ಮಾಲೀಕರು ಇರುವುದಿಲ್ಲ, ಸ್ಟೋರ್ಸಿನ ರಿಜಿಸ್ಟರನ್ನು ಗೆದ್ದಲು ತಿಂದಿರುತ್ತದೆ. ನೀವು ಏನನ್ನು ಮುಟ್ಟಿದಿರಿ ಎಂಬುದಕ್ಕೆ ಉಳಿಯುವ ಸಾಕ್ಷಿ ನೀವೊಬ್ಬರೇ.

ಹೀಗೆ ಬರೆಯಿರಿ: “2009 ಜೂನ್‌ನಿಂದ 2013 ಮಾರ್ಚ್‌ವರೆಗೆ ಪುಡಿ ತೂಗುವ ಕೋಣೆ. ಟಿಎಂಟಿಡಿ, ಎಂಬಿಟಿಎಸ್, ಗಂಧಕ, ಜಿಂಕ್ ಆಕ್ಸೈಡ್. ದಿನಕ್ಕೆ 30 ಬ್ಯಾಚ್. ಹುಡ್ ಇಲ್ಲ, ಗೋಡೆ ಫ್ಯಾನು ಮಾತ್ರ. ಬಟ್ಟೆಯ ಮಾಸ್ಕ್. ಜೊತೆಗಿದ್ದವರು ಇಬ್ಬರು” ಎಂದು ಅವರ ಹೆಸರನ್ನೂ. ವಿಭಾಗ ಬದಲಾದಾಗ ಹೊಸ ಪ್ಯಾರಾ. ಜೊತೆಗೆ ಇಎಸ್‌ಐ ವಿಮಾ ಸಂಖ್ಯೆ, ನೇಮಕ ಪತ್ರದ ಪ್ರತಿ, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್. ಕಾಂಟ್ರಾಕ್ಟಿನಲ್ಲಿ ಇರುವವರು ಇನ್ನೂ ಒಂದು ಹೆಚ್ಚು ಬರೆದುಕೊಳ್ಳಬೇಕು: ಪಾಸ್‌ಬುಕ್ಕಿನಲ್ಲಿ ಗುತ್ತಿಗೆದಾರನ ಹೆಸರು ಮಾತ್ರ ಇರುತ್ತದೆ, ನೀವು ನಿಜವಾಗಿ ದುಡಿದ ಕಾರ್ಖಾನೆಯ ಹೆಸರು ಎಲ್ಲೂ ಇರುವುದಿಲ್ಲ. ಗೇಟ್ ಪಾಸನ್ನು ಜೋಪಾನವಾಗಿಡಿ.

ಜೊತೆಯವರ ಹೆಸರು ಏಕೆ ಎಂದರೆ, ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್‌ನಲ್ಲಿ ರಬ್ಬರಿಗೆ ಹಾಕುವ ರಾಸಾಯನಿಕ ತಯಾರಿಸುವ ಘಟಕವೊಂದಿತ್ತು. ಅಲ್ಲಿ ಮೂತ್ರಕೋಶದ ಕ್ಯಾನ್ಸರ್ ಬಂದವರ ವಿಷಯದಲ್ಲಿ ಸರ್ಕಾರಿ ಸಂಸ್ಥೆಯನ್ನು ತನಿಖೆಗೆ ಕರೆದದ್ದು ಕಾರ್ಮಿಕರ ಸಂಘವೇ, 1988ರಲ್ಲಿ. 1991ರಲ್ಲಿ ಲೆಕ್ಕ ಬಂತು: ಆರ್ಥೊ ಟೊಲುಡಿನ್ ಬಳಸುವ ವಿಭಾಗದವರಲ್ಲಿ ಸುಮಾರು ಒಂದು ಪ್ರಕರಣವನ್ನು ನಿರೀಕ್ಷಿಸಬಹುದಾದ ಕಡೆ 7 ಇದ್ದವು. ಇಂದು ಆ ವಸ್ತುವೂ ಮೊದಲ ಗುಂಪಿನಲ್ಲಿದೆ. ಒಬ್ಬರಿಗೆ ಬಂದರೆ ಹಣೆಬರಹ ಎನ್ನುತ್ತಾರೆ. ಒಂದೇ ವಿಭಾಗದ ಮೂವರ ಹೆಸರು ಒಂದೇ ಪುಟದಲ್ಲಿದ್ದರೆ ಯಾರೂ ಹಾಗೆನ್ನಲಾರರು.

ಆರನೆಯದು, ತಪಾಸಣೆ

ವರ್ಷಕ್ಕೊಮ್ಮೆ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಸೊಲ್ಯೂಷನ್ ವಿಭಾಗದವರು ರಕ್ತಕಣಗಳ ಪೂರ್ತಿ ಎಣಿಕೆ ಮಾಡಿಸಿ. ವರದಿ ಚೆನ್ನಾಗಿದೆ ಎಂದರೆ ಇವತ್ತಿನ ಮಟ್ಟಿಗೆ ಏನೂ ಕಾಣಿಸಿಲ್ಲ ಎಂದಷ್ಟೇ. ಕಾರ್ಖಾನೆಯವರೇ ತಪಾಸಣೆ ಮಾಡಿಸಿದರೆ ವರದಿಯ ಪ್ರತಿ ಕೇಳಿ ತನ್ನಿ, ಹಳೆಯದರ ಪಕ್ಕದಲ್ಲಿ ಇಡಿ. ಕೆಲಸ ಬಿಟ್ಟವರು, ನಿವೃತ್ತರಾದವರು ತಪಾಸಣೆ ನಿಲ್ಲಿಸಬಾರದು, ಅವರ ಸರದಿ ಬರುವುದೇ ಆಮೇಲೆ.

ನೋವಿಲ್ಲದೆ ಒಂದೇ ಒಂದು ಸಲ ಮೂತ್ರದಲ್ಲಿ ರಕ್ತ ಬಂದು ನಿಂತರೂ ಎಳನೀರಿಗೆ ಬಿಡಬೇಡಿ. ಅದು ತಾನಾಗಿ ನಿಲ್ಲುವುದೇ ಈ ಕಾಯಿಲೆಯ ಕುತಂತ್ರ. ಮೂತ್ರರೋಗ ತಜ್ಞರ ಬಳಿ ಹೋಗಿ, ಸಿಸ್ಟೊಸ್ಕೋಪಿ (ಮೂತ್ರಕೋಶದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಶುರುವಿನಲ್ಲೇ ಸಿಕ್ಕರೆ ಎಷ್ಟೋ ಗಡ್ಡೆಗಳನ್ನು ಹೊಟ್ಟೆ ಕೊಯ್ಯದೆ, ಮೂತ್ರನಾಳದ ಮೂಲಕವೇ ಕೆರೆದು ತೆಗೆಯುತ್ತಾರೆ. ವಾರಗಟ್ಟಲೆ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಒಸಡಿನಲ್ಲಿ ರಕ್ತ, ಕುತ್ತಿಗೆ ಕಂಕುಳಲ್ಲಿ ನೋವಿಲ್ಲದ ಗಂಟು, ಇವುಗಳಿಗೂ ತಡ ಮಾಡಬೇಡಿ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಕಸುಬಿನ ಕಾಯಿಲೆಗಳನ್ನು ಅಧ್ಯಯನ ಮಾಡುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲೇ ಇದೆ.

ವೈದ್ಯರು ಕೆಲಸ ಏನೆಂದು ಕೇಳಿದಾಗ ನೋಟ್‌ಬುಕ್ ಮುಂದಿಡಿ. “ರಬ್ಬರ್ ಮಿಕ್ಸಿಂಗ್, ಇಷ್ಟು ವರ್ಷ, ಈ ಪುಡಿಗಳು” ಎಂದು ಕೇಸ್ ಶೀಟಿನಲ್ಲಿ ಬರೆಸಿ. ಕೇಳದಿದ್ದರೂ ಹೇಳಿ.

ಕಾಯಿಲೆ ಬಂದೇಬಿಟ್ಟರೆ

ಇಎಸ್‌ಐ ಇರುವವರಿಗೆ ಇಲ್ಲಿ ಒಂದು ಕವಲು ದಾರಿ ಇದೆ, ಹೆಚ್ಚಿನವರು ತಿಳಿಯದೆ ಒಂದೇ ಕಡೆ ತಿರುಗುತ್ತಾರೆ. ಕ್ಯಾನ್ಸರ್ ಎಂದು ಅರ್ಜಿ ಕೊಟ್ಟರೆ, ಸೇವಾ ಅವಧಿಯ ಷರತ್ತು ಪೂರೈಸಿದವರಿಗೆ ವಿಸ್ತರಿತ ಅನಾರೋಗ್ಯ ಸೌಲಭ್ಯವಾಗಿ ವೇತನದ ಶೇ 80ರಷ್ಟು, ಹೆಚ್ಚೆಂದರೆ ಎರಡು ವರ್ಷದವರೆಗೆ ಸಿಗುತ್ತದೆ. ಅದೇ ಕಾಯಿಲೆ ಕಸುಬಿನಿಂದ ಬಂದದ್ದು ಎಂದು ಒಪ್ಪಿಗೆಯಾದರೆ ಅದನ್ನು ಕೆಲಸದಲ್ಲಾದ ಗಾಯ ಎಂದೇ ಎಣಿಸುತ್ತಾರೆ: ಕೆಲಸ ಮಾಡಲಾಗದ ಅವಧಿಗೆ ಶೇ 90, ಶಾಶ್ವತವಾಗಿ ಶಕ್ತಿ ಕುಂದಿದರೆ ಕುಂದಿದಷ್ಟಕ್ಕೆ ತಕ್ಕಂತೆ ಜೀವನಪೂರ್ತಿ ಮಾಸಾಶನ, ತೀರಿಕೊಂಡರೆ ಅವಲಂಬಿತರಿಗೆ ಪಿಂಚಣಿ. ಮೂತ್ರಕೋಶ, ಮೂತ್ರಪಿಂಡ, ಮೂತ್ರನಾಳಗಳ ಒಳಪದರದ ಗಡ್ಡೆ, ಬೆಂಜೀನಿನಿಂದ ಬರುವ ಕಾಯಿಲೆಗಳು, ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್, ಇವು ಔದ್ಯೋಗಿಕ ಕಾಯಿಲೆಗಳ ಪಟ್ಟಿಯ ಬಿ ಭಾಗದಲ್ಲೇ ಇವೆ. ಆ ಕೆಲಸದಲ್ಲಿ ಸತತ ಆರು ತಿಂಗಳು ಇದ್ದಿರಬೇಕು. ತೀರ್ಮಾನ ವಿಶೇಷ ವೈದ್ಯಕೀಯ ಮಂಡಳಿಯದು, ಅದರ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಕೇಸ್ ಶೀಟು ಮತ್ತು ನೋಟ್‌ಬುಕ್. ವೇತನ ಮಿತಿ ದಾಟಿ ಇಎಸ್‌ಐ ತಪ್ಪಿದವರು ಕಾರ್ಮಿಕ ಪರಿಹಾರದ ದಾರಿ ಹಿಡಿಯಬೇಕು. ಅಲ್ಲಿ ಕಾಲಮಿತಿ ಇದೆ, ಆದ್ದರಿಂದ ರೋಗ ಗೊತ್ತಾದ ವಾರದಲ್ಲೇ ಕಾರ್ಮಿಕ ಸಂಘವನ್ನೋ ವಕೀಲರನ್ನೋ ಕಾಣಿ.

ಕೆಲಸದಲ್ಲಿ ಇನ್ನೂ ಇರುವವರ ಸಲುವಾಗಿ ಕಾರ್ಖಾನೆ, ಬಾಯ್ಲರ್‌ಗಳ ಇಲಾಖೆಗೆ ಲಿಖಿತ ದೂರು ಕೊಡಬಹುದು. ದೂರುದಾರರ ಹೆಸರನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕೆಂಬ ನಿಯಮ 1987ರ ಆ ತಿದ್ದುಪಡಿಯಲ್ಲೇ ಬಂದಿತ್ತು. ಆದರೂ ಆರು ಜನರ ಶೆಡ್ಡಿನಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ ಎಂಬುದು ನನಗೂ ಗೊತ್ತು. ಒಬ್ಬರೇ ಸಹಿ ಹಾಕುವ ಬದಲು ಸಂಘದ ಹೆಸರಿನಲ್ಲಿ ಕೊಡಿ.

ನಮ್ಮ ಮಿಲ್ ಆಪರೇಟರ್ ಕೇಸಿನಲ್ಲಿ ನಾವು ನೋಟ್‌ಬುಕ್ ಬರೆದದ್ದು ಗಡ್ಡೆ ಸಿಕ್ಕ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು. 1998ರಲ್ಲಿ ಹಾಕುತ್ತಿದ್ದ ಆ್ಯಂಟಿಆಕ್ಸಿಡೆಂಟ್‌ನ ಹೆಸರು ಇಬ್ಬರಿಗೂ ನೆನಪಾಗಲಿಲ್ಲ. ಕಂದು ಬಣ್ಣ, ಮೀನಿನ ವಾಸನೆ, ನೀಲಿ ಅಕ್ಷರದ ಚೀಲ ಎಂದು ಬರೆದುಕೊಂಡೆವು.